ನಾಲ್ಕನೇ ವರ್ಗದ ಉಸಿರು

ಮನುಷ್ಯನಿಗೆ ಇದೊಂದು ಚಟ ನೋಡಿ. ಕೈಗೊಂದು ಅಳತೆಗೋಲು ಸಿಕ್ಕಿತೆಂದರೆ, ಅದು ಯಾವುದನ್ನು ಅಳೆಯಲು ಹುಟ್ಟಿತ್ತೋ ಅದನ್ನು ಅಳೆದು ಸುಮ್ಮನಿರುವ ಜಾಯಮಾನ ಅವನದಲ್ಲ. ಕಣ್ಣಿಗೆ ಬಿದ್ದದ್ದನ್ನೆಲ್ಲ ಅಳೆಯುತ್ತ ಹೊರಡುತ್ತಾನೆ. ಕೊರಳಪಟ್ಟಿಯ ಹಣೆಬರಹವೂ ಹಾಗೇ ಆಯಿತು.

ಅದು ಹುಟ್ಟಿದ್ದು ಲಕ್ವ ತಡೆಯಲಿಕ್ಕೆ. ಎರಡು ಬೆರಳಗಲದ ಮೆತ್ತನೆಯ ಪಟ್ಟಿ. ಕೊರಳಿಗೆ ಸುತ್ತಿಕೊಂಡರೆ ಕಿವಿಗೆ ಕೇಳದಷ್ಟು ಸಣ್ಣ ಸದ್ದೊಂದು ಅದರಿಂದ ಹೊರಟು, ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಕ್ಕೆ ಬಡಿದು ಮರಳಿ ಬರುತ್ತದೆ. ಮರಳಿ ಬಂದ ಸದ್ದು ಎಷ್ಟು ಬದಲಾಗಿದೆ ಎಂಬುದರ ಮೇಲೆ ರಕ್ತ ಎಷ್ಟು ವೇಗದಲ್ಲಿ ಹರಿಯುತ್ತಿದೆ ಎಂದು ತಿಳಿಯುತ್ತದೆ. ನಳದ ಬಾಯಿಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿದರೆ ನೀರು ಚಿಮ್ಮುವುದಿಲ್ಲವೇ? ನಾಳದಲ್ಲಿ ಕೊಬ್ಬು ಕಟ್ಟಿ ದಾರಿ ಇಕ್ಕಟ್ಟಾದರೂ ಅಷ್ಟೇ, ರಕ್ತ ಆ ಜಾಗದಲ್ಲಿ ಚಿಮ್ಮುತ್ತದೆ, ಸದ್ದು ಚೂಪಾಗುತ್ತದೆ. ಲಕ್ವ ಹೊಡೆಯುವ ಆರು ತಿಂಗಳು ಮೊದಲೇ ಪಟ್ಟಿ ಎಚ್ಚರ ಹೇಳಿಬಿಡುತ್ತಿತ್ತು. ಎಷ್ಟೋ ಜನರ ಕೈಕಾಲು, ಮಾತು ಉಳಿದವು.

ಗದಗಿನ ಆಸ್ಪತ್ರೆಯೊಂದರ ಸ್ಕ್ಯಾನಿಂಗ್ ಕೋಣೆಯಲ್ಲಿ ಭೂಮಿಕಾ ಕೊಪ್ಪದ ಹದಿನಾಲ್ಕು ವರ್ಷ ಈ ಸದ್ದನ್ನೇ ಕೇಳುತ್ತ ಕೂತವಳು. ಪಟ್ಟಿ ಬರುವ ಮುಂಚೆ ಕೈಯಲ್ಲಿ ಯಂತ್ರದ ತುದಿ ಹಿಡಿದು, ಕೊರಳಿಗೆ ತಣ್ಣನೆಯ ಜೆಲ್ ಸವರಿ, ಒಬ್ಬೊಬ್ಬರ ನಾಳವನ್ನೂ ಹುಡುಕಿ ಕೇಳಿದವಳು. ಬೆಳಗಿನಿಂದ ಸಂಜೆಯವರೆಗೆ ಅವಳ ಬಾಯಲ್ಲಿ ಒಂದೇ ಮಾತು: ‘ಅಲುಗಾಡಬ್ಯಾಡ್ರಿ ಅಜ್ಜಾ, ಮಾತಾಡಬ್ಯಾಡ್ರಿ, ಉಗುಳು ನುಂಗಬ್ಯಾಡ್ರಿ.’ ನಾಳ ಎಲ್ಲಿ ಕೆಟ್ಟಿದೆ ಎಂದು ಪರದೆ ನೋಡುವ ಮೊದಲೇ ಅವಳ ಕಿವಿ ಹೇಳುತ್ತದೆ ಎಂದು ಡಾಕ್ಟರರೇ ಹೊಗಳುತ್ತಿದ್ದರು. ಅವಳ ಅವ್ವ ಇಂದ್ರವ್ವನ ಕೊರಳಿನ ಎಡನಾಳ ಮುಕ್ಕಾಲು ಮುಚ್ಚಿದ್ದನ್ನು ಹಿಡಿದು, ಸ್ಟೆಂಟ್ ಎಂಬ ಜಾಳಿಗೆ ಕೂರಿಸುವಂತೆ ಮಾಡಿ, ಅವಳನ್ನು ಉಳಿಸಿದ್ದೂ ಇದೇ ಪಟ್ಟಿ. ಹಾಗಾಗಿ ಪಟ್ಟಿಯ ಮೇಲೆ ಭೂಮಿಕಾಳಿಗೆ ಮಮತೆ. ಅದು ಸುಳ್ಳು ಹೇಳೀತು ಎಂದು ಕನಸಿನಲ್ಲೂ ಎಣಿಸಿದವಳಲ್ಲ.

ಆರು ವರ್ಷದ ಹಿಂದೆ ಮೇಲಿನ ಜಾಣರಿಗೆ ಇನ್ನೊಂದು ಹೊಳೆಯಿತು. ಮಗು ಮನಸ್ಸಿಟ್ಟು ಯೋಚಿಸುವಾಗ ಮಿದುಳಿಗೆ ಹೆಚ್ಚು ರಕ್ತ ಬೇಕು, ಹರಿವು ಏರುತ್ತದೆ. ಅಂದಮೇಲೆ ಯಾರ ಪಾಠದಲ್ಲಿ ಮಕ್ಕಳ ಹರಿವು ಏರುತ್ತದೋ ಅವರು ಒಳ್ಳೆಯ ಶಿಕ್ಷಕರು, ಅವರಿಗೆ ಹೆಚ್ಚು ಸಂಬಳ. ಯಾರ ಪಾಠದಲ್ಲಿ ಏರುವುದಿಲ್ಲವೋ ಅವರಿಗೆ ಕಡಿಮೆ. ಪರೀಕ್ಷೆ ಬೇಡ, ತಪಾಸಣೆ ಬೇಡ, ಸಾಹೇಬರ ಮರ್ಜಿ ಬೇಡ, ಮಗುವಿನ ಕೊರಳೇ ಸಾಕ್ಷಿ. ಇದಕ್ಕೆ ಗುಣವೇತನ ಎಂದು ಹೆಸರಿಟ್ಟರು. ಎಷ್ಟು ಹರಿವಿಗೆ ಎಷ್ಟು ಅಂಕ ಎಂದು ಲೆಕ್ಕ ಕಟ್ಟಲು ಕೊರಳ ಸದ್ದು ಬಲ್ಲವರು ಬೇಕಾದರು. ಭೂಮಿಕಾಳನ್ನು ಕರೆದರು. ಅವಳು ಇನ್ನೂರು ಮಕ್ಕಳನ್ನು ಅದೇ ಸ್ಕ್ಯಾನಿಂಗ್ ಕೋಣೆಯಲ್ಲಿ ಮಲಗಿಸಿ, ಒಗಟು ಕೊಟ್ಟು, ಹರಿವು ಅಳೆದು, ಮಾಪನ ಕಟ್ಟಿಕೊಟ್ಟಳು. ಹನ್ನೊಂದು ಜಿಲ್ಲೆಗಳಿಗೆ ಅದೇ ಮಾಪನ ಹೋಯಿತು. ಅವಳಿಗೆ ಗುಣವೇತನ ಕೇಂದ್ರದ ಮೂರನೇ ಮಹಡಿಯಲ್ಲಿ ಕುರ್ಚಿ, ಎದುರಿಗೆ ಗೋಡೆಯಗಲದ ಪರದೆ. ಅದರ ಮೇಲೆ ಜಿಲ್ಲೆಯ ಪ್ರತಿ ವರ್ಗವೂ ಒಂದೊಂದು ಗೆರೆ, ಏರುತ್ತ ಇಳಿಯುತ್ತ ಇರುತ್ತಿತ್ತು.

ಫೆಬ್ರುವರಿಯ ಒಂದು ಮುಂಜಾನೆ ಆ ಕುರ್ಚಿಗೇ ಒಂದು ಕಡತ ಬಂತು. ಮೂರು ಸಲ ಸತತವಾಗಿ ನೂರಕ್ಕೆ ಮೂವತ್ತು ಅಂಕಕ್ಕಿಂತ ಕೆಳಗೆ ಬಂದವರನ್ನು ವರ್ಗದಿಂದ ಇಳಿಸಬೇಕೆಂದು ನಿಯಮ. ಇಳಿಸುವುದೆಂದರೆ ಮನೆಗೆ ಕಳಿಸುವುದಲ್ಲ. ಶಾಲೆಯ ಉಗ್ರಾಣದಲ್ಲಿ ಬಿಸಿಯೂಟದ ಅಕ್ಕಿ ಬೇಳೆ ಕಾಯುತ್ತ ಕೂಡ್ರಿಸುವುದು. ಭೂಮಿಕಾ ಇಂಥ ಕಡತಗಳಿಗೆ ಎಷ್ಟೋ ಸಲ ಸಹಿ ಹಾಕಿದ್ದಳು. ಈ ಸಲ ಪೆನ್ನು ತೆಗೆದವಳು ಹೆಸರು ಓದಿ ಹಾಗೇ ನಿಂತುಬಿಟ್ಟಳು. ಬೆಟಗೇರಿ, ನೇಕಾರ ಓಣಿಯ ಶಾಲೆ, ನಾಲ್ಕನೇ ವರ್ಗ. ಶಿಕ್ಷಕರು: ಫಕ್ಕೀರೇಶ ಅಡರಕಟ್ಟಿ. ಮೂರನೇ ಸಲದ ಅಂಕ ಈವರೆಗೆ ಹತ್ತೊಂಬತ್ತು. ಅವಧಿ ಮುಗಿಯಲು ಹತ್ತು ದಿನ ಬಾಕಿ.

‘ನಮ್ಮ ಸರಗ ಹತ್ತೊಂಬತ್ತ?’ ಎಂದು ಅವಳು ಪರದೆಗೇ ಕೇಳಿದಳು.

ಅವಳು ಅದೇ ಶಾಲೆಯಲ್ಲಿ, ಅದೇ ನಾಲ್ಕನೇ ವರ್ಗದಲ್ಲಿ ಕಲಿತವಳು. ಕಲಿತವಳು ಎಂದರೂ ಆ ವರ್ಷ ಶಾಲೆಯ ಬಾಗಿಲು ತೆರೆದಿರಲಿಲ್ಲ. ಕೊರೊನಾ ವರ್ಷ ಅದು. ಮಿಕ್ಕ ಕಡೆ ಮೊಬೈಲಿನಲ್ಲಿ ಪಾಠವಂತೆ. ನೇಕಾರ ಓಣಿಯಲ್ಲಿ ಮೂರು ಮನೆಗೊಂದು ಮೊಬೈಲು, ಅದೂ ಅಪ್ಪಂದಿರ ಕಿಸೆಯಲ್ಲಿ. ಆಗ ನೌಕರಿಗೆ ಸೇರಿ ವರ್ಷವೂ ತುಂಬದ ಫಕ್ಕೀರೇಶ ಮಾಸ್ತರು, ಇಪ್ಪತ್ತೈದರ ಹುಡುಗ, ಸೈಕಲ್ ತುಳಿದುಕೊಂಡು ಬಂದು ಓಣಿಯ ನಟ್ಟನಡುವೆ ನಿಂತರು. ‘ಯಾರೂ ಕಟ್ಟಿ ಇಳಿಯೂ ಹಂಗಿಲ್ಲ. ನಿಮ್ಮ ನಿಮ್ಮ ಬಾಗಲದಾಗ ಕುಂಡ್ರಿ. ಮಗ್ಗಿ ನನಗ ಕೇಳೂ ಹಂಗ ಒದರ್ರಿ!’

ನೂಲು ಬಾರದೆ ಮಗ್ಗಗಳೆಲ್ಲ ನಿಂತಿದ್ದ ಕಾಲ. ಓಣಿ ಅಷ್ಟು ಸುಮ್ಮನಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಆ ಮೌನದಲ್ಲಿ ಇಪ್ಪತ್ತಾರು ಬಾಗಿಲಿನಿಂದ, ಮೂಗುಬಾಯಿಗೆ ಕಟ್ಟಿದ ಬಟ್ಟೆಯೊಳಗಿಂದ, ಏಳೊಂದ್ಲೆ ಏಳು ಎಂದು ಎದ್ದಿತಲ್ಲ ಸದ್ದು! ಮಾಸ್ತರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ನೆಲ ನೋಡುತ್ತ, ಓಣಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಎಲ್ಲೋ ಒಂದು ದನಿ ಏಳೆಂಟ್ಲೆಯಲ್ಲಿ ಮುಗ್ಗರಿಸಿದರೆ ತಟ್ಟನೆ ನಿಂತು, ‘ಬಲಕ್ಕ ಮೂರನೇ ಮನಿ, ಇನ್ನೊಮ್ಮೆ’ ಅನ್ನುತ್ತಿದ್ದರು. ಬಲಕ್ಕೆ ಮೂರನೇ ಮನೆ ಭೂಮಿಕಾಳದು. ಎರಡನೇ ವರ್ಗಕ್ಕೆ ಶಾಲೆ ಬಿಟ್ಟಿದ್ದ ಇಂದ್ರವ್ವ ಬಾಗಿಲ ಮರೆಯಲ್ಲಿ ರೊಟ್ಟಿ ಬಡಿಯುತ್ತಲೇ ಹತ್ತೊಂಬತ್ತರ ಮಗ್ಗಿಯವರೆಗೆ ಕಲಿತದ್ದು ಅದೇ ವರ್ಷ. ಜಗತ್ತು ಸಾಯುತ್ತಿದೆ ಎಂದು ದೊಡ್ಡವರೆಲ್ಲ ಪಿಸುಗುಡುತ್ತಿದ್ದ ಆ ವರ್ಷವನ್ನು ನೆನೆದರೆ, ಭೂಮಿಕಾಳಿಗೆ ಈಗಲೂ ಮನಸ್ಸು ತುಂಬಿ ಬರುತ್ತದೆ. ಅಷ್ಟು ಸುಖವಾಗಿ ತಾನು ಮತ್ತೆಂದೂ ಇರಲಿಲ್ಲ ಅನ್ನಿಸುತ್ತದೆ.

ಮರುದಿನ ಅವಳು ನೇಕಾರ ಓಣಿಗೆ ಹೋದಳು. ತಿರುವಿನಲ್ಲೇ ಮಗ್ಗಿ ಕೇಳಿಸಿತು. ಮೂವತ್ತು ವರ್ಷ ದಾಟಿದರೂ ಅದೇ ಎಳೆತ, ಹತ್ತಕ್ಕೆ ಬಂದಾಗ ಅದೇ ಏರುದನಿ.

ಮಾಸ್ತರರ ತಲೆ ಬೆಳ್ಳಗಾಗಿತ್ತು. ಕೈ ಮಾತ್ರ ಹಿಂದೆಯೇ ಕಟ್ಟಿಕೊಂಡಿದ್ದರು. ‘ಬಾರವ್ವ ಭೂಮಿ,’ ಎಂದರು. ‘ದೊಡ್ಡ ಸಾಹೇಬ್ರಾಗೀಯಂತ. ಇಳಸಾಕ ಬಂದೀಯೋ, ಮಾತಾಡಸಾಕ ಬಂದೀಯೋ?’

‘ನೋಡಾಕ ಬಂದೀನ್ರಿ ಸರ. ಏನಾಗೈತಿ ಅಂತ.’

ಅವಳು ಹಿಂದಿನ ಸಾಲಿನಲ್ಲಿ ಕೂತಳು. ಮೂವತ್ತೊಂದು ಮಕ್ಕಳು, ಮೂವತ್ತೊಂದು ಕೊರಳಪಟ್ಟಿ. ಹರಿವು ಏರಿದರೆ ಪಟ್ಟಿಯಲ್ಲಿ ಜೋಳದ ಕಾಳಿನಷ್ಟು ಹಸಿರು ದೀಪ ಹತ್ತುತ್ತದೆ. ಮಾಸ್ತರು ಬೋರ್ಡಿನ ಮೇಲೆ ಲೆಕ್ಕ ಬರೆದಾಗ ಅಲ್ಲೊಂದು ಇಲ್ಲೊಂದು ದೀಪ ಹತ್ತಿತು. ಮಗ್ಗಿ ಶುರುವಾಯಿತು ನೋಡಿ, ಒಂದೊಂದೇ ಆರಿದವು. ಹತ್ತು ಸಾಲು ಮುಗಿಯುವಷ್ಟರಲ್ಲಿ ವರ್ಗದಲ್ಲಿ ಒಂದೇ ಒಂದು ದೀಪ ಉಳಿದಿರಲಿಲ್ಲ. ಭೂಮಿಕಾ ಎದ್ದು ನಿಂತು ಅಡ್ಡಾದಿಡ್ಡಿ ಕೇಳಿದಳು: ಆರೊಂಬತ್ತು? ಹದಿಮೂರು ನಾಲ್ಕು? ಹದಿನೇಳಾರು? ಮುಂದಿನ ಸಾಲಿನ ರಿಹಾನಾ ಎಂಬ ಹುಡುಗಿ, ಎರಡು ಜಡೆ, ಮುಂದಿನ ಹಲ್ಲಿಲ್ಲ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಎಸೆದಳು. ಅವಳ ಪಟ್ಟಿಯಲ್ಲೂ ದೀಪವಿಲ್ಲ. ಪಟ್ಟಿಯ ಪ್ರಕಾರ ಆ ಮಗು ಮಿದುಳಿಗೆ ಸ್ವಲ್ಪವೂ ಕೆಲಸ ಕೊಡದೆ ಕೂತಿತ್ತು.

ಮಕ್ಕಳನ್ನು ಊಟಕ್ಕೆ ಬಿಟ್ಟ ಮೇಲೆ ಮಾಸ್ತರು ಅವಳ ಎದುರಿನ ಬೆಂಚಿನ ಮೇಲೆ ಕೂತರು. ‘ಸಂಬಳದ ಮಾತು ಬ್ಯಾಡವ್ವ. ಅದು ಕಡಿಮಿ ಆಗಿ ಎರಡು ವರ್ಷ ಆತು, ನಾವಿಬ್ಬರು ಗಂಡ ಹೆಂಡತಿ ಹ್ಯಾಂಗೋ ಉಣ್ತೀವಿ. ನಿವೃತ್ತಿಗೆ ಇನ್ನು ಎರಡು ವರ್ಷ. ಆ ಎರಡು ವರ್ಷ ವರ್ಗದಾಗ ಇರೂ ಹಂಗ ಮಾಡು. ಉಗ್ರಾಣದಾಗ ಕುಂತು, ಪಕ್ಕದ ಖೋಲ್ಯಾಗ ಮತ್ತೊಬ್ಬರು ಕಲಸೂದು ಕೇಳ್ಕೋತ ಕುಂಡ್ರೂದು ನನ್ನ ಕೈಲೆ ಆಗೂದಿಲ್ಲ.’

ಇಷ್ಟು ಹೇಳುವಾಗ ಅವರು ಅವಳ ಮುಖ ನೋಡಲಿಲ್ಲ. ಓಣಿಗೆಲ್ಲ ಗುಡುಗುತ್ತಿದ್ದ ಮನುಷ್ಯ ಶಿಷ್ಯೆಯ ಮುಂದೆ ಬೇಡುತ್ತ ಕೂತದ್ದನ್ನು ಭೂಮಿಕಾಳಿಂದ ನೋಡಲಾಗಲಿಲ್ಲ. ‘ಏನಾರ ಮಾಡ್ತೀನ್ರಿ ಸರ’ ಎಂದು ಹೇಳಿ ಎದ್ದಳು. ಏನು ಮಾಡುವುದು ಎಂದು ಅವಳಿಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಮನೆಯಲ್ಲಿ. ಸಂಜೆ ದೀಪ ಹಚ್ಚುವ ಮುಂಚೆ ಇಂದ್ರವ್ವ ಕಾಲು ಗಂಟೆ ಪಟ್ಟಿ ಕಟ್ಟಿಕೊಂಡು ನಾಳ ಪರೀಕ್ಷಿಸಿಕೊಳ್ಳುವುದು ರೂಢಿ. ಆವತ್ತು ಮೊಮ್ಮಗಳು, ಭೂಮಿಕಾಳ ಮಗಳು ನವಮಿ, ಪಕ್ಕದಲ್ಲಿ ಕೂತು ಮನೆಗೆಲಸದ ಲೆಕ್ಕ ಮಾಡುತ್ತಿದ್ದಳು. ನವಮಿ ಓದುವುದು ಬೇರೆ ಶಾಲೆ. ಅವಳ ಮಿಸ್ ಜಿಲ್ಲೆಗೇ ಮೊದಲ ಶ್ರೇಣಿ, ಅಂಕ ಎಂಬತ್ತೆಂಟು. ಅವಳ ವಿದ್ಯಾರ್ಥಿನಿ ಮಾತ್ರ ಏಳೆಂಟ್ಲೆ ಎಷ್ಟೆಂದು ತೋಚದೆ ಪೆನ್ಸಿಲು ಕಚ್ಚುತ್ತಿದ್ದಳು.

‘ಐವತ್ತಾರಬೇ! ಇಷ್ಟೂ ಬರೂದಿಲ್ಲೇನು?’ ಎಂದಳು ಇಂದ್ರವ್ವ. ‘ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಕು...’ ಎಂದು ಓಣಿಯ ಕಾಲದ ರಾಗದಲ್ಲಿ ಹಿಡಿದಳು. ಏಳು ಮುಗಿಯಿತು, ಎಂಟು ಮುಗಿಯಿತು, ಒಂಬತ್ತಕ್ಕೆ ಬರುವಷ್ಟರಲ್ಲಿ ಪಟ್ಟಿ ಪೀಂ ಪೀಂ ಎಂದು ಒದರಿಕೊಂಡಿತು. ಹರಿವು ಕುಸಿದಿತ್ತು.

ಒಳಗಿನಿಂದ ಓಡಿ ಬಂದ ಭೂಮಿಕಾ ಅವ್ವನ ಕೊರಳಿಗೆ ಕೈ ಹಾಕಿದಳು. ಅಷ್ಟರಲ್ಲಿ ಇಂದ್ರವ್ವ ಸುಮ್ಮನಾಗಿದ್ದಳು, ಅಂಕಿ ತಾನಾಗಿ ಮೇಲೆ ಬಂತು. ಭೂಮಿಕಾ ಗದರಿದಳು: ‘ಪಟ್ಟಿ ಕಟ್ಟಿಕೊಂಡಾಗ ಮಾತಾಡಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕಬೇ ಅವ್ವಾ!’

ಗದರಿದವಳು ತನ್ನ ಮಾತನ್ನು ತಾನೇ ಕೇಳಿಸಿಕೊಂಡಳು.

ಹದಿನಾಲ್ಕು ವರ್ಷ, ದಿನಕ್ಕೆ ಐವತ್ತು ಸಲ ಹೇಳಿದ ಮಾತು. ಅವಳು ಮಾತಾಡುತ್ತಿರುವ ಕೊರಳನ್ನು ಜನ್ಮದಲ್ಲಿ ಅಳೆದಿರಲಿಲ್ಲ. ಆ ಇನ್ನೂರು ಮಕ್ಕಳಿಗೂ ಬಾಯಿ ಮುಚ್ಚಿಸಿಯೇ ಅಳೆದಿದ್ದಳು. ಗಟ್ಟಿಯಾಗಿ, ಎಡೆಬಿಡದೆ ಮಗ್ಗಿ ಹೇಳುವಾಗ ಉಸಿರು ಜೋರಾಗಿ ಹೊರಗೆ ಹೋಗುತ್ತದೆ, ಅದರೊಟ್ಟಿಗೆ ರಕ್ತದೊಳಗಿನ ಇಂಗಾಲದ ಡೈಆಕ್ಸೈಡೂ ಹೋಗುತ್ತದೆ. ಅದು ಕಡಿಮೆಯಾದರೆ ಮಿದುಳಿನ ಸಣ್ಣ ನಾಳಗಳು ಬಿಗಿಯುತ್ತವೆ, ಹರಿವು ಇಳಿಯುತ್ತದೆ. ತಿಳಿವಳಿಕೆಗೂ ಅದಕ್ಕೂ ಸಂಬಂಧವೇ ಇಲ್ಲ. ಇದನ್ನು ಓದಿ ಪಾಸಾದವಳು ಅವಳು! ಓದಿದ್ದು ಪುಸ್ತಕದಲ್ಲಿ ಉಳಿದು, ಬಾಯಿಗೆ ಬಂದದ್ದು ರೂಢಿಯಾಗಿ, ರೂಢಿಯೇ ಹನ್ನೊಂದು ಜಿಲ್ಲೆಗೆ ಕಾನೂನಾಗಿತ್ತು.

‘ನವಮೀ,’ ಎಂದಳು ಮೆಲ್ಲಗೆ, ‘ನಿಮ್ಮ ಮಿಸ್ ಹ್ಯಾಂಗ ಕಲಸ್ತಾರ ನಿಮಗ?’

‘ಪ್ರಶ್ನೆ ಕೇಳ್ತಾರ. ಆಮ್ಯಾಲ ಎಲ್ಲಾರೂ ಕಣ್ಣು ಮುಚ್ಚಿ ಉಸಿರು ಹಿಡೀಬೇಕು. ಮಿಸ್ ಇಪ್ಪತ್ತು ಎಣಸ್ತಾರ. ಆವಾಗ ಉತ್ತರ ತಲ್ಯಾಗ ತಾನ ಬರ್ತೈತಿ ಅಂತಾರ.’

‘ಬರ್ತೈತೇನು?’

‘ಇಲ್ಲ. ಹಸಿರು ದೀಪ ಬರ್ತೈತಿ.’

ಇಂದ್ರವ್ವ ನಕ್ಕುಬಿಟ್ಟಳು. ಭೂಮಿಕಾ ನಗಲಿಲ್ಲ. ಅವ್ವನ ಪಟ್ಟಿ ಬಿಚ್ಚಿ ತನ್ನ ಕೊರಳಿಗೆ ಕಟ್ಟಿಕೊಂಡು, ಮೂಗು ಹಿಡಿದು, ತಲೆಯಲ್ಲಿ ಏನನ್ನೂ ಯೋಚಿಸದೆ ಕೂತಳು. ಇಪ್ಪತ್ತು ಎಣಿಸುವಷ್ಟರಲ್ಲಿ ಅಂಕಿ ತೊಂಬತ್ತಕ್ಕೆ ಏರಿತು, ಹಸಿರು ದೀಪ ಝಗ್ ಎಂದಿತು. ಉಸಿರು ಹಿಡಿದರೆ ಅದೇ ಅನಿಲ ರಕ್ತದಲ್ಲಿ ಕೂಡಿ ನಾಳ ಅಗಲವಾಗುತ್ತದೆ. ಆ ಮಿಸ್ ಮೋಸಗಾರ್ತಿಯಲ್ಲ, ಪಾಪ. ಯಾವುದಕ್ಕೆ ದೀಪ ಹತ್ತಿತೋ ಅದನ್ನು ಒಳ್ಳೆಯ ಪಾಠ ಎಂದು ನಂಬಿದ್ದಳು. ನಂಬಿರಿ ಎಂದು ಹೇಳಿದವಳು ಭೂಮಿಕಾಳೇ ಆಗಿದ್ದಳು.

ಇಲ್ಲಿ ಅವಳು ಮಾಡಬೇಕಾದದ್ದು ನೆಟ್ಟಗಿತ್ತು. ಮೇಲಿನವರ ಬಳಿ ಹೋಗಿ, ನನ್ನ ಮಾಪನವೇ ತಪ್ಪು ಎಂದು ಬರೆದುಕೊಡಬೇಕು. ಆದರೆ ಹಾಗೆ ಬರೆದರೆ ಹನ್ನೊಂದು ಜಿಲ್ಲೆ, ಆರು ವರ್ಷ, ತಾನೇ ಸಹಿ ಹಾಕಿ ಉಗ್ರಾಣಕ್ಕೆ ಕಳಿಸಿದ ನಲವತ್ತು ಜನ, ಎಲ್ಲ ತನ್ನ ತಲೆಯ ಮೇಲೆ ಬರುತ್ತದೆ. ಮೇಲಾಗಿ ಹತ್ತು ದಿನದಲ್ಲಿ ಯಾವ ಸರಕಾರ ಅಲುಗಾಡಿದ್ದುಂಟು? ಅಷ್ಟರಲ್ಲಿ ಸರ ಉಗ್ರಾಣ ಸೇರಿರುತ್ತಾರೆ. ಸಣ್ಣ ದಾರಿಯೊಂದು ಪಕ್ಕದಲ್ಲೇ ಇತ್ತಲ್ಲ. ಅವಳು ಸಣ್ಣ ದಾರಿ ಹಿಡಿದಳು. ನೀವಾದರೂ ಅದನ್ನೇ ಮಾಡುತ್ತಿದ್ದಿರಿ.

ಮರುದಿನ ಶಾಲೆಯಲ್ಲಿ ಮಾಸ್ತರು ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ‘ಅಂದ್ರ ಮಗ್ಗಿ ಬಿಡಬೇಕು.’

‘ಎಂಟು ದಿನ ಅಷ್ಟರಿ ಸರ. ಮಾತಾಡದ ಹಂಗ ಕುಂಡ್ರಸ್ರಿ, ಉಸಿರು ಹಿಡಿಸ್ರಿ. ಮೂವತ್ತು ದಾಟಿದ್ರ ಸಾಕು, ಮುಂದಿಂದು ನಾ ನೋಡ್ಕೋತೀನಿ.’

‘ಉಸಿರು ಹಿಡದು ಏನು ಕಲೀತಾವವ್ವ ಹುಡುಗ್ರು?’

‘ಏನೂ ಇಲ್ರಿ.’

ಮಾಸ್ತರು ಅಂಗೈ ನೋಡಿಕೊಂಡರು. ಎಂಟು ದಿನ, ಎರಡು ವರ್ಷ ಎಂದು ತೂಗುತ್ತಿದ್ದರೋ ಏನೋ. ಕಡೆಗೆ ‘ಆತು’ ಎಂದರು.

ನಾಲ್ಕನೇ ದಿನಕ್ಕೆ ಪರದೆಯ ಮೇಲೆ ನೇಕಾರ ಓಣಿಯ ಗೆರೆ ಎದ್ದು ನಿಂತಿತು. ಆರನೇ ದಿನದ ಅಂಕ ಎಂಬತ್ತೊಂದು, ಅವಧಿಯ ಒಟ್ಟು ಅಂಕವೂ ಮೂವತ್ತು ದಾಟಿತು. ಉಪನಿರ್ದೇಶಕ ಹಳ್ಯಾಳ ಸಾಹೇಬರು ತಾವೇ ಮೂರನೇ ಮಹಡಿಗೆ ಏರಿ ಬಂದು, ‘ನೋಡ್ರಿ ಕೊಪ್ಪದ ಅವ್ರ, ಅರವತ್ತರ ಹತ್ರ ಬಂದ ಮಾಸ್ತರನೂ ಸುಧಾರಿಸ್ತಾನ! ಇದಕ್ಕ ಅನ್ನೂದು ಗುಣವೇತನ!’ ಎಂದು ಮೇಜು ತಟ್ಟಿದರು. ಭೂಮಿಕಾ ಇಳಿಸುವ ಕಡತ ರದ್ದು ಮಾಡಿ ಸಹಿ ಹಾಕಿದಳು. ಕೈ ಹಗುರಾಯಿತು. ಮಧ್ಯಾಹ್ನವೇ ಅರ್ಧ ಕಿಲೋ ಪೇಡೆ ಕಟ್ಟಿಸಿಕೊಂಡು ಬೆಟಗೇರಿಗೆ ಹೊರಟಳು.

ತಿರುವಿಗೆ ಬಂದಾಗ ಏನೋ ತಪ್ಪಿದ ಹಾಗನ್ನಿಸಿತು. ಸದ್ದಿಲ್ಲ. ಶಾಲೆಯ ಎದುರು ಮನೆಯ ಕಟ್ಟೆಯ ಮೇಲೆ ನೂಲು ಸುತ್ತುತ್ತ ಕೂತ ಮುದುಕಿಯೊಬ್ಬಳು ಅವಳನ್ನು ತಡೆದು ಕೇಳಿದಳು: ‘ಯವ್ವಾ, ಸಾಲಿ ಸೂಟಿ ಬಿಟ್ಟಾರೇನು? ಯಾರರ ತೀರಿಕೊಂಡ್ರೇನು? ವಾರಾತು, ಒಂದು ಹುಡುಗರ ದನಿ ಇಲ್ಲ ನೋಡು. ಹೊತ್ತು ಎಷ್ಟಾತು ಅನ್ನೂದ ತಿಳಿವಲ್ದು.’

ಭೂಮಿಕಾ ಶಾಲೆಯ ಕಿಟಕಿಗೆ ಹೋದಳು. ಒಳಗೆ ಮೂವತ್ತೊಂದು ಮಕ್ಕಳು ಕಣ್ಣು ಮುಚ್ಚಿ, ಗಲ್ಲ ಉಬ್ಬಿಸಿ, ಉಸಿರು ಹಿಡಿದು ಕೂತಿದ್ದರು. ಮೂವತ್ತೊಂದು ಹಸಿರು ದೀಪ ಉರಿಯುತ್ತಿದ್ದವು. ಮಾಸ್ತರು ಮಕ್ಕಳಿಗೆ ಬೆನ್ನು ಹಾಕಿ, ಬೋರ್ಡಿಗೆ ಹಣೆ ಹಚ್ಚಿ ನಿಂತು, ಬೆರಳು ಮಡಿಚುತ್ತ ಇಪ್ಪತ್ತು ಎಣಿಸುತ್ತಿದ್ದರು. ಎಷ್ಟು ವರ್ಷ ಈ ಮನುಷ್ಯ ಮಕ್ಕಳ ದನಿಗೆ ಕಿವಿಗೊಟ್ಟು ಬದುಕಿದ್ದ, ಈಗ ಅವರ ಮುಖ ನೋಡಲಾರದೆ ನಿಂತಿದ್ದ. ಅವರನ್ನು ವರ್ಗದಲ್ಲಿ ಉಳಿಸಿದೆ ಎಂದುಕೊಂಡಿದ್ದಳಲ್ಲ ಭೂಮಿಕಾ? ಉಳಿಸಿರಲಿಲ್ಲ. ವರ್ಗವನ್ನೇ ಉಗ್ರಾಣ ಮಾಡಿದ್ದಳು.

ಪೇಡೆಯನ್ನು ಆ ಮುದುಕಿಯ ಕೈಗಿತ್ತು ಅವಳು ಸೀದಾ ಕೇಂದ್ರಕ್ಕೆ ಮರಳಿದಳು. ಹಳ್ಯಾಳ ಸಾಹೇಬರ ಕೋಣೆಗೆ ಹೋಗಿ, ನಿಂತುಕೊಂಡೇ, ಮೊದಲಿನಿಂದ ಕಡೆಯವರೆಗೆ ಹೇಳಿದಳು. ತಾನು ಮಾಸ್ತರರಿಗೆ ಕೊಟ್ಟ ಕೆಟ್ಟ ಬುದ್ಧಿಯನ್ನೂ ಬಿಡಲಿಲ್ಲ.

ಸಾಹೇಬರು ನಂಬಲಿಲ್ಲ. ‘ಹುಚ್ಚು ಹಿಡದೈತೇನ್ರಿ? ಮಗ್ಗಿ ಹೇಳಿದ್ರ ರಕ್ತ ಇಳೀತೈತಿ ಅಂತ ಯಾರ ಮುಂದ ಹೇಳ್ಲಿ ನಾ? ನಗ್ತಾರ!’

‘ನೀವ ನೋಡ್ರಲಾ ಸರ.’ ಅವಳು ಮೇಜಿನ ಮೇಲಿದ್ದ ಪಟ್ಟಿ ಎತ್ತಿ, ಕೇಳದೆ, ಸಾಹೇಬರ ಕೊರಳಿಗೇ ಕಟ್ಟಿದಳು. ಗೋಡೆಯ ಪರದೆಯ ಮೇಲೆ ಅವರ ಗೆರೆ ಮೂಡಿತು. ‘ಹದಿಮೂರರ ಮಗ್ಗಿ ಬರ್ತೈತೇನ್ರಿ?’

‘ಬರ್ತೈತೇನು ಅಂತೀರಲ್ರಿ! ಹದಿಮೂರೊಂದ್ಲೆ ಹದಿಮೂರು. ಹದಿಮೂರೆರಡ್ಲೆ ಇಪ್ಪತ್ತಾರು...’

ಮೊದಲೆರಡು ಸಾಲು ಸಾಹೇಬರ ಹಾಗೆ ಹೇಳಿದರು. ಮೂರನೇ ಸಾಲಿಗೆ ಬೆನ್ನು ನೆಟ್ಟಗಾಯಿತು. ಐದಕ್ಕೆ ಬರುವಷ್ಟರಲ್ಲಿ ಕೈ ತಾನಾಗಿ ಎದೆಯ ಮೇಲೆ ಕಟ್ಟಿಕೊಂಡಿತು, ದನಿ ಏರಿತು. ಹೊರಗಿನ ಗುಮಾಸ್ತರು ಬಾಗಿಲಿಗೆ ಬಂದು ನಿಂತರು. ಹದಿಮೂರು ಮುಗಿಸಿ, ಯಾರೂ ಕೇಳದೆಯೇ ಹದಿನಾಲ್ಕಕ್ಕೆ ಹೊರಳಿ, ಅದನ್ನೂ ಮುಗಿಸಿ, ಹದಿನೈದನ್ನು ಒಂದೇ ದಮ್ಮಿಗೆ ಎಳೆದು ನಿಂತಾಗ ಸಾಹೇಬರ ಮುಖ ಕೆಂಪಾಗಿತ್ತು, ಕಣ್ಣು ಒದ್ದೆಯಾಗಿತ್ತು. ಒಂದು ಸಾಲೂ ತಪ್ಪಿರಲಿಲ್ಲ. ಪರದೆಯ ಮೇಲೆ ಅವರ ಅಂಕ ಹದಿನಾರಾಗಿತ್ತು.

‘ನನ್ನ ಪಟ್ಟಿ ನಂಬಿದ್ರ, ನಿಮಗ ಏನೂ ಬರೂದಿಲ್ರಿ ಸರ,’ ಎಂದಳು ಭೂಮಿಕಾ.

ಸಾಹೇಬರು ಹೊತ್ತು ಹಿಡಿದು ಪಟ್ಟಿ ಬಿಚ್ಚಿದರು. ‘ನಮ್ಮ ಸಾಲಿ ಅಕ್ಕೋರು ಕಲಿಸಿದ್ದು,’ ಎಂದರು. ‘ಅವರು ತೀರಿಕೊಂಡು ಇಪ್ಪತ್ತು ವರ್ಷ ಆತು. ಒಂದಿನ ನೆನಸಿರಲಿಲ್ಲ ನೋಡ್ರಿ.’ ಆಮೇಲೆ ಬಿಳಿ ಹಾಳೆಯೊಂದನ್ನು ಅವಳ ಕಡೆ ಸರಿಸಿದರು. ‘ಬರೀರಿ. ಏನು ಬರೀತೀರಿ ಅನ್ನೂದು ತಿಳದು ಬರೀರಿ. ನೌಕರಿಗೆ ಬರ್ತೈತಿ.’

ಅವಳು ಬರೆದಳು. ಮಾಪನ ಕಟ್ಟಿದವಳು ನಾನು. ಮಕ್ಕಳ ಬಾಯಿ ಮುಚ್ಚಿಸಿ ಅಳೆದವಳು ನಾನು. ತಪ್ಪು ಪಟ್ಟಿಯದಲ್ಲ, ಶಿಕ್ಷಕರದಲ್ಲ, ನನ್ನದು. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

ಮೇಲಿನವರು ಸುಮ್ಮನಿದ್ದರೇ? ಸಮಿತಿ ಬಂತು, ವಿಚಾರಣೆ ಬಂತು. ಹನ್ನೊಂದು ಜಿಲ್ಲೆಯಲ್ಲೂ ಉಸಿರು ಹಿಡಿಸಿ, ಮಗ್ಗಿ ಹೇಳಿಸಿ ನೋಡಿದರು. ಎಲ್ಲೆಡೆ ಅದೇ ಕತೆ. ಗುಣವೇತನ ನಿಂತಿತು. ಉಗ್ರಾಣ ಸೇರಿದ್ದವರು ಒಬ್ಬೊಬ್ಬರಾಗಿ ವರ್ಗಕ್ಕೆ ಮರಳಿದರು. ಮೂವರು ಮರಳಲಿಲ್ಲ, ಅಷ್ಟರಲ್ಲಿ ಮನಸ್ಸು ಮುರಿದು ರಾಜೀನಾಮೆ ಕೊಟ್ಟಿದ್ದರು. ಆ ಮೂರು ಹೆಸರು ಭೂಮಿಕಾಳಿಗೆ ಬಾಯಿಪಾಠ. ಅವಳನ್ನು ಕುರ್ಚಿಯಿಂದ ಇಳಿಸಿ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಗೇ ವಾಪಸು ಕಳಿಸಿದರು. ನವಮಿಯ ಮಿಸ್ ಗೇಟಿನಲ್ಲಿ ಎದುರಾದರೆ ಈಗಲೂ ಮುಖ ತಿರುಗಿಸುತ್ತಾಳೆ. ತಿರುಗಿಸಲಿ, ಅವಳಿಗೆ ಆ ಹಕ್ಕಿದೆ.

ನೇಕಾರ ಓಣಿಯ ಮಕ್ಕಳ ಕೊರಳಪಟ್ಟಿ ಬಿಚ್ಚಲು ಜೂನಿನ ಒಂದು ಸೋಮವಾರ ಭೂಮಿಕಾಳೇ ಹೋದಳು. ವಿಚಾರಣೆ ಮುಗಿಯುವವರೆಗೆ ಪಟ್ಟಿ ಮುಟ್ಟಬಾರದು, ಪಾಠದ ರೀತಿ ಬದಲಿಸಬಾರದು ಎಂದು ಸಮಿತಿಯ ಆಜ್ಞೆಯಿತ್ತು. ಎಂಟು ದಿನ ಎಂದಿದ್ದ ಉಸಿರು ಹಿಡಿಸುವ ಪಾಠ ಎರಡು ತಿಂಗಳಾಗಿ, ಆಮೇಲೆ ಬೇಸಿಗೆ ಸೂಟಿ ಬಂದುಹೋಗಿತ್ತು. ಮಕ್ಕಳು ಐದನೇ ವರ್ಗಕ್ಕೆ ಏರಿದ್ದರು. ಮಾ‍ಸ್ತರು ಕೇಳಿಕೊಂಡು ಅವರ ಜೊತೆಗೇ ಐದಕ್ಕೆ ಬಂದಿದ್ದರು.

ಅವಳು ಒಂದೊಂದೇ ಕೊರಳಿನಿಂದ ಪಟ್ಟಿ ಬಿಚ್ಚಿ ಚೀಲಕ್ಕೆ ಹಾಕಿದಳು. ಪಟ್ಟಿ ಇದ್ದ ಜಾಗದಲ್ಲಿ ಎಲ್ಲರಿಗೂ ಬಿಳಿ ಗೆರೆ. ಮಾಸ್ತರು ಮಕ್ಕಳ ಎದುರು ಬಂದು ನಿಂತರು. ‘ನನ್ನ ಕಡಿಂದ ಒಂದು ತಪ್ಪಾಗೇತ್ರೋ. ನಿಮ್ಮ ಬಾಯಿ ಮುಚ್ಚಿಸಿದ್ದೆ, ನನ್ನ ಸಲುವಾಗಿ. ಹೊಟ್ಟ್ಯಾಗ ಹಾಕ್ಕೋರಿ.’ ಆಮೇಲೆ ಕೈ ಹಿಂದೆ ಕಟ್ಟಿಕೊಂಡು ಕೇಳಿದರು: ‘ಏಳೆಂಟ್ಲೆ ಎಷ್ಟು?’

ಮೂವತ್ತೊಂದು ಜೋಡಿ ಕಣ್ಣು ತಟಕ್ಕನೆ ಮುಚ್ಚಿದವು, ಗಲ್ಲಗಳು ಉಬ್ಬಿದವು. ಕೊರಳಲ್ಲಿ ಪಟ್ಟಿಯಿಲ್ಲ, ದೀಪವಿಲ್ಲ. ಮಕ್ಕಳು ಉಸಿರು ಹಿಡಿದೇ ಕೂತಿದ್ದರು. ಮಾಸ್ತರು ಭೂಮಿಕಾಳನ್ನು ನೋಡಿದರು. ಅವಳು ಚೀಲ ಕೆಳಗಿಟ್ಟಳು.

ಎಷ್ಟು ಹೊತ್ತಾದರೂ ಇಪ್ಪತ್ತು ಎಣಿಸುವವರೇ ಇಲ್ಲ. ರಿಹಾನಾ ಒಂದು ಕಣ್ಣು ತೆರೆದಳು. ಮುಖ ಕೆಂಪಾಗಿತ್ತು. ಬೆರಳೆತ್ತಿ, ಹಿಡಿದ ದಮ್ಮಿನಲ್ಲೇ ಕೇಳಿದಳು: ‘ಸರ, ಈಗ ಉಸಿರು ಬಿಡಬಹುದೇನ್ರಿ?’

‘ಬಿಡವ್ವಾ,’ ಎಂದರು ಮಾಸ್ತರು. ‘ಬಿಡ್ರೆವ್ವ, ಬಿಡ್ರೆಪ್ಪ, ಎಲ್ಲಾರೂ ಬಿಡ್ರಿ.’

ಮೂವತ್ತೊಂದು ಉಸಿರು ಒಮ್ಮೆಲೇ ಹೊರಗೆ ಬಂತು. ರಿಹಾನಾ ಎರಡನೇ ಉಸಿರು ಎಳೆದುಕೊಂಡು ‘ಐವತ್ತಾರ್‍ರೀ’ ಎಂದು ಚೀರಿದಳು. ಅದಕ್ಕೆ ಯಾರೋ ನಕ್ಕರು, ಇನ್ಯಾರೋ ಏಳೊಂದ್ಲೆ ಎಂದು ಶುರುಮಾಡಿದರು. ದನಿಗಳು ಅಲ್ಲಲ್ಲಿ ಮುಗ್ಗರಿಸಿದವು, ಮಾಸ್ತರು ಮುಗ್ಗರಿಸಿದವರ ಹೆಸರು ಹಿಡಿದು ಮತ್ತೆ ಹೇಳಿಸಿದರು. ಭೂಮಿಕಾ ಬಾಗಿಲ ಚೌಕಟ್ಟಿಗೆ ಒರಗಿ, ಯಾರನ್ನೂ ಸುಮ್ಮನಿರಿ ಎನ್ನದೆ, ಕಡೆಯ ಮಗ್ಗಿಯವರೆಗೂ ಕೇಳುತ್ತ ನಿಂತಳು.